ತುಕ್ತು ಬರದ ಚಳಿಗಾಲ

ಪ್ರಶ್ನೆ: ಕೆನಡಾದ ಇನುಯಿಟ್ ಜನರ ಅಚ್ಚಿನ ಚಿತ್ರಗಳಲ್ಲಿ ಎಲ್ಲಿ ನೋಡಿದರೂ ಕ್ಯಾರಿಬೂ. ಯಾಕೆ? ಅಚ್ಚನ್ನು ಕಲ್ಲಿನಲ್ಲಿ ಕೊರೆಯುತ್ತಾರಂತೆ, ಹೌದಾ?
– ಓದುಗರೊಬ್ಬರು, ಶಿರಸಿ

ಉತ್ತರ: ಕ್ಯಾರಿಬೂ ಅಂದರೆ ಉತ್ತರ ಅಮೆರಿಕದ ಹಿಮಸಾರಂಗ. ಇನುಯಿಟ್ ಜನ ಅದನ್ನು ತುಕ್ತು ಅನ್ನುತ್ತಾರೆ. ಮಾಂಸ ಹೇಗೂ ಇದ್ದೇ ಇದೆ, ಆದರೆ ನನಗೆ ಜಾಸ್ತಿ ಬೆರಗು ಹುಟ್ಟಿಸುವುದು ಅದರ ತೊಗಲು. ಒಂದೊಂದು ಕೂದಲಿನ ಒಳಗೂ ಗಾಳಿ ತುಂಬಿರುತ್ತದೆ, ಅದಕ್ಕೇ ಅಷ್ಟು ಬೆಚ್ಚಗೆ. ಚಳಿಗಾಲದಲ್ಲಿ ಎರಡು ಅಂಗಿ ತೊಡುತ್ತಿದ್ದರು: ಒಳಗಿನದರ ಕೂದಲು ಮೈಗೆ ತಾಗುವಂತೆ, ಹೊರಗಿನದರ ಕೂದಲು ಹೊರಗೆ. ಹೊಲಿಯುವ ದಾರವೂ ಅದೇ ಪ್ರಾಣಿಯ ಬೆನ್ನಿನ ಸ್ನಾಯುವಿನ ಗಟ್ಟಿ ನಾರು. ನೆನೆದರೆ ಈ ದಾರ ಉಬ್ಬಿ ಸೂಜಿ ಚುಚ್ಚಿದ ತೂತನ್ನು ತಾನೇ ಮುಚ್ಚುತ್ತದೆ, ನೀರು ಒಳಗೆ ಇಳಿಯುವುದಿಲ್ಲ.

ಹಾಗಾಗಿ ಹಿಂಡು ದಾರಿ ಬದಲಿಸಿದರೆ ಊಟ, ಬಟ್ಟೆ ಎರಡೂ ಹೋದಂತೆ. 1950ರ ದಶಕದ ಕೊನೆಗೆ ಉತ್ತರ ಕೆನಡಾದ ಬ್ಯಾಕ್ ನದಿಯ ಕಡೆ ಹಾಗೇ ಆಯಿತು, ಜನ ಹಸಿವಿನಿಂದ ಸತ್ತರು. ಅಲ್ಲಿಂದ ಬೇಕರ್ ಲೇಕ್ ಊರಿಗೆ ಬಂದವರಲ್ಲಿ ಇನುಯಿಟ್ ಕಲಾವಿದೆ ಜೆಸ್ಸಿ ಊನಾರ್ಕ್ ಒಬ್ಬರು. ಹುಟ್ಟಿದ್ದು 1906ರಲ್ಲಿ, ಅಂದರೆ ಐವತ್ತು ದಾಟಿದ ಮೇಲೆ ಪೆನ್ಸಿಲ್ ಹಿಡಿದ ಹೆಂಗಸು! ಅವರ ಚಿತ್ರಗಳಲ್ಲಿ ಅಂಗಿಯ ಟೋಪಿ, ಭುಜದ ಕತ್ತರಿಕೆ, ಅಂಚಿನ ಪಟ್ಟಿ ಎಲ್ಲ ಎಷ್ಟು ಸ್ಪಷ್ಟ ಅಂದರೆ, ಬಟ್ಟೆ ಕತ್ತರಿಸಿ ಹೊಲಿದು ಗೊತ್ತಿದ್ದ ಕೈ ಅದು ಅಂತ ನೋಡಿದ ಕೂಡಲೇ ತಿಳಿಯುತ್ತದೆ.

ಇನ್ನು ಕಲ್ಲಿನ ಮಾತು. ಹೌದು, ಕಲ್ಲೇ. 1957ರ ಸುಮಾರಿಗೆ ಕೇಪ್ ಡಾರ್ಸೆಟ್ ಎಂಬ ಇನುಯಿಟ್ ಊರಿನಲ್ಲಿ (ಈಗ ಕಿನ್‌ಗೈಟ್) ಕೆನಡಾದ ಕಲಾವಿದ ಜೇಮ್ಸ್ ಹ್ಯೂಸ್ಟನ್ ಮತ್ತು ಅಲ್ಲಿನ ಕುಶಲಕರ್ಮಿಗಳು ಸೇರಿ ಇದನ್ನು ಶುರು ಮಾಡಿದರು. ಆಮೇಲೆ ಹ್ಯೂಸ್ಟನ್ ಜಪಾನಿಗೆ ಹೋಗಿ ಮರದ ಅಚ್ಚಿನ ಕೆಲಸ ಕಲಿತು ಬಂದರು. ಚಪ್ಪಟೆ ಮಾಡಿದ ಕಲ್ಲಿನ ಮೇಲೆ ಚಿತ್ರ ಇಳಿಸಿ, ಬೇಡದ ಜಾಗ ಕೊರೆದು ತೆಗೆಯುತ್ತಾರೆ. ಉಬ್ಬಿ ಉಳಿದದ್ದಕ್ಕೆ ಶಾಯಿ ಹಚ್ಚಿ, ತೆಳು ಕಾಗದ ಹಾಸಿ, ಕೈಯಿಂದ ಮೆಲ್ಲಗೆ ಉಜ್ಜುತ್ತಾರೆ. ಸಾಮಾನ್ಯವಾಗಿ 50 ಪ್ರತಿ, ಅಷ್ಟೇ. ಚಿತ್ರ ಬರೆದವರು ಒಬ್ಬರು, ಕಲ್ಲು ಕೊರೆದವರು ಇನ್ನೊಬ್ಬರು ಇರುವುದೇ ಹೆಚ್ಚು. ಕೊರೆದವರ ಹೆಸರನ್ನೂ ದಯವಿಟ್ಟು ಓದಿ, ಅರ್ಧ ಕೆಲಸ ಅವರದೇ ಅಲ್ವಾ?

ಇನ್ನೊಂದು ಮಾತು. ಕೊಂಬು ಕಂಡ ತಕ್ಷಣ ಗಂಡು ಅಂದುಕೊಳ್ಳಬೇಡಿ. ಕ್ಯಾರಿಬೂಗಳಲ್ಲಿ ಹೆಣ್ಣಿಗೂ ಕೊಂಬು ಇರುತ್ತದೆ. ಗಂಡಿನ ಕೊಂಬು ಚಳಿಗಾಲ ಶುರುವಾಗುತ್ತಿದ್ದಂತೆ ಉದುರುತ್ತದೆ, ಬಸುರಿಯ ಕೊಂಬು ಮರಿ ಹಾಕುವ ಹೊತ್ತಿನವರೆಗೂ ಉಳಿಯುತ್ತದೆ. ಚಿತ್ರದಲ್ಲಿ ಮರಿಯ ಪಕ್ಕ ಕೊಂಬಿನ ಪ್ರಾಣಿ ನಿಂತಿದ್ದರೆ ಅದು ತಾಯಿಯೇ ಇರಬಹುದು.