ನಳಿಗೆಯಲ್ಲಿ ಸೀಸ ಮೆತ್ತುತ್ತಿದೆ, ಇನ್ನೂ ಗಟ್ಟಿ ಗುಂಡು ಹಾಕಲೇ?

ಪ್ರಶ್ನೆ: ನಾನು ಮೂಡಿಗೆರೆ ಕಡೆಯವನು. 14 ವರ್ಷದಿಂದ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿದ್ದೇನೆ, ಗ್ರೀನ್ ಕಾರ್ಡ್ ಇದೆ. ನವೆಂಬರ್‌ನ ಜಿಂಕೆ ಬೇಟೆಗೆಂದು .45-70 ತೋಟಾದ ರೂಗರ್ ನಂಬರ್ 1 ಕೊಂಡಿದ್ದೇನೆ. ಒಂದೇ ಈಡಿನ ಕೋವಿ. ತೋಟಾ ನಾನೇ ತುಂಬಿಕೊಳ್ಳುತ್ತೇನೆ. ಅಂಗಡಿಯಿಂದ ತಂದ 405 ಗ್ರೇನ್ ತೂಕದ ಎರಕದ ಗುಂಡು ಹಾಕಿದರೆ ಹತ್ತೇ ಈಡಿಗೆ ನಳಿಗೆಯೊಳಗೆ ಸೀಸ ಮೆತ್ತಿಕೊಳ್ಳುತ್ತದೆ. ಗುರಿಯೂ ಚದುರುತ್ತದೆ. ಗುಂಡು ಈಗಲೇ ಉಗುರಿಗೆ ಜಗ್ಗದಷ್ಟು ಗಟ್ಟಿ ಇದೆ. ಆದರೂ ಜೊತೆಯವರು ಇನ್ನೂ ಗಟ್ಟಿಯದು ಹಾಕು, ಕೋವಿ ತಡೆಯುತ್ತೆ, ಮದ್ದೂ ಜಾಸ್ತಿ ಮಾಡು ಅನ್ನುತ್ತಾರೆ. ಏನು ಮಾಡಲಿ? ಬರುವ ವರ್ಷ ಕ್ಯಾಲಿಫೋರ್ನಿಯಾದ ಭಾವನೂ ಬೇಟೆಗೆ ಕರೆದಿದ್ದಾರೆ.

ಉತ್ತರ: ಸದ್ಯಕ್ಕೆ ಎರಡೂ ಬೇಡ. ಗಟ್ಟಿ ಗುಂಡೂ ಬೇಡ, ಹೆಚ್ಚು ಮದ್ದೂ ಬೇಡ. ಮೊದಲು ನಿಮ್ಮ ನಳಿಗೆಯ ಅಳತೆ ತೆಗೆಯಿರಿ. ನೀವು ಬರೆದಿದ್ದನ್ನು ನೋಡಿದರೆ ಗುಂಡು ನಳಿಗೆಗಿಂತ ಸಣ್ಣದಾಗಿದೆ ಅನ್ನಿಸುತ್ತದೆ.

ಮದ್ದು ಹೊತ್ತಿದಾಗ ಬಿಸಿ ಅನಿಲ ಗುಂಡನ್ನು ಹಿಂದಿನಿಂದ ದೂಡುತ್ತದೆ. ಗುಂಡಿಗೂ ನಳಿಗೆಗೂ ನಡುವೆ ಕೂದಲೆಳೆಯಷ್ಟು ಸಂದು ಇದ್ದರೂ ಅನಿಲ ಅಲ್ಲಿಂದ ನುಗ್ಗಿ ಸೀಸವನ್ನು ಕೊರೆಯುತ್ತದೆ. ಕೊರೆದ ಸೀಸ ಹೋಗಿ ನಳಿಗೆಗೆ ಅಂಟುತ್ತದೆ. ಮೆತ್ತನೆಯ ಗುಂಡಾದರೆ ಒತ್ತಡಕ್ಕೆ ಸ್ವಲ್ಪ ಉಬ್ಬಿ ಆ ಸಂದನ್ನು ತಾನೇ ಮುಚ್ಚುತ್ತದೆ. ಗಟ್ಟಿ ಗುಂಡು ಉಬ್ಬುವುದಿಲ್ಲ. ಹಾಗಾಗಿ ಅಳತೆಯಲ್ಲಿ ಸಣ್ಣದಾದ ಗುಂಡನ್ನು ಇನ್ನೂ ಗಟ್ಟಿ ಮಾಡಿದರೆ ಸೀಸ ಮೆತ್ತುವುದು ಹೆಚ್ಚಾಗುತ್ತದೆ, ಕಡಿಮೆಯಾಗುವುದಿಲ್ಲ. ಎಷ್ಟೋ ಜನ ಇಲ್ಲೇ ಎಡವಿ, ಎರಕದ ಗುಂಡೇ ಸರಿಯಿಲ್ಲ ಅಂತ ಬಿಟ್ಟುಬಿಡುತ್ತಾರೆ. ನನಗೆ ಅದೇ ಬೇಜಾರು.

ಅಳತೆ ತೆಗೆಯುವುದು ಕಷ್ಟವಲ್ಲ. ಕೋವಿ ಖಾಲಿ ಇದೆಯೇ ಅಂತ ಎರಡೆರಡು ಸಲ ನೋಡಿ. ನಳಿಗೆ ಚೊಕ್ಕ ಮಾಡಿ, ಒಳಗೆ ತೆಳ್ಳಗೆ ಎಣ್ಣೆ ಸವರಿ. ನಳಿಗೆಗಿಂತ ತುಸು ದಪ್ಪನೆಯ ಶುದ್ಧ ಸೀಸದ ತುಂಡೊಂದನ್ನು ಬಾಯಿಯ ಕಡೆಯಿಂದ ಇಟ್ಟು, ಗಟ್ಟಿ ಕೋಲಿನಿಂದ ನಿಧಾನವಾಗಿ ಹಿಂದಕ್ಕೆ ತಳ್ಳಿ. ನಿಮ್ಮ ಕೋವಿಯ ಹಿಂಬದಿ ಪೂರ್ತಿ ತೆರೆಯುವುದರಿಂದ ತುಂಡು ಸಲೀಸಾಗಿ ಹೊರಬರುತ್ತದೆ. ಅದರ ಮೇಲೆ ನಳಿಗೆಯೊಳಗಿನ ಸುರುಳಿ ಗೀರುಗಳು ಅಚ್ಚೊತ್ತಿರುತ್ತವೆ. ಅತಿ ದಪ್ಪ ಇರುವ ಕಡೆ ಮೈಕ್ರೋಮೀಟರ್ ಹಿಡಿಯಿರಿ. ವರ್ನಿಯರ್ ಸಾಲದು. .45-70ಗೆ ಸಾಮಾನ್ಯವಾಗಿ 0.458 ಇಂಚು ಬರುತ್ತದೆ. ಗುಂಡು ಅದಕ್ಕಿಂತ ಸಾವಿರದ ಒಂದೋ ಎರಡೋ ಭಾಗ ದಪ್ಪ ಇರಬೇಕು, ಅಂದರೆ 0.459 ಅಥವಾ 0.460. ಅಂಗಡಿಯ ಗುಂಡನ್ನೂ ಅಳೆದು ನೋಡಿ. 0.458 ಅಥವಾ ಅದಕ್ಕೂ ಕಡಿಮೆ ಬಂದರೆ ಕಳ್ಳ ಸಿಕ್ಕಿದ ಹಾಗೆ.

ಸೀಸ ಎಲ್ಲಿ ಮೆತ್ತಿದೆ ಅನ್ನುವುದನ್ನೂ ಗಮನಿಸಿ. ತೋಟಾ ಕೂರುವ ಜಾಗದ ಮುಂದೆಯೇ ಇದ್ದರೆ ಬಹುಮಟ್ಟಿಗೆ ಅಳತೆಯ ತೊಂದರೆ. ಬಾಯಿಯ ಹತ್ತಿರ ಇದ್ದರೆ ಗುಂಡಿಗೆ ಹಚ್ಚಿದ ಮೇಣ ದಾರಿಯಲ್ಲೇ ಮುಗಿದಿದೆ ಅಂತ. ಈಗ ಮೆತ್ತಿರುವುದನ್ನು ತೆಗೆಯಲು ಹಳೇ ಬ್ರಷ್ಷಿಗೆ ಅಪ್ಪಟ ತಾಮ್ರದ ಎಳೆ ಸುತ್ತಿ ಉಜ್ಜಿ. ಆ ಎಳೆಗೆ ಮೊದಲು ಅಯಸ್ಕಾಂತ ಹಿಡಿದು ನೋಡಿ. ಅಂಟಿಕೊಂಡರೆ ಅದು ತಾಮ್ರದ ಬಣ್ಣದ ಉಕ್ಕು, ನಳಿಗೆಗೆ ತಾಕಿಸಬೇಡಿ.

ಇನ್ನು ಗುಂಡಿನ ಆಯ್ಕೆ. 405 ಗ್ರೇನ್ ಒಳ್ಳೆಯ ತೂಕ, ಸುಮಾರು 26 ಗ್ರಾಂ. 1873ರಲ್ಲಿ ಅಮೆರಿಕದ ಸೈನ್ಯಕ್ಕೆ ಈ ತೋಟಾ ಬಂದಾಗ ಇದ್ದ ತೂಕವೇ ಇದು. ಆಗ 70 ಗ್ರೇನ್ ಕರಿಮದ್ದು ಅದನ್ನು ಸೆಕೆಂಡಿಗೆ ಸುಮಾರು 1,300 ಅಡಿ ವೇಗದಲ್ಲಿ ಕಳಿಸುತ್ತಿತ್ತು. ಕಾಡಿನೊಳಗೆ ನೂರು ಗಜದೊಳಗಿನ ಜಿಂಕೆಗೆ ಇವತ್ತಿಗೂ ಅಷ್ಟು ಧಾರಾಳ ಸಾಕು. ಆ ವೇಗಕ್ಕೆ 20 ಪಾಲು ಸೀಸಕ್ಕೆ 1 ಪಾಲು ತವರ ಬೆರೆಸಿದ ಎರಕ ಚೆನ್ನಾಗಿ ಹೊಂದುತ್ತದೆ. ಅದರ ಗಟ್ಟಿತನ ಬ್ರಿನೆಲ್ ಅಳತೆಯಲ್ಲಿ 10ರ ಆಸುಪಾಸು. ಹಳೇ ಮುದ್ರಣಾಲಯಗಳ ಅಚ್ಚುಮೊಳೆಯ ಲೋಹ (ಲೈನೋಟೈಪ್) 22ರ ಹತ್ತಿರ ಹೋಗುತ್ತದೆ. ಅದು ಕಾಗದದ ಗುರಿಗೆ ಸರಿ. ಆದರೆ ಮೂಳೆಗೆ ಬಡಿದಾಗ ಒಡೆಯುವ ಭಯ ಇದೆ. ವೇಗ ಜಾಸ್ತಿ ಬೇಕೇ ಬೇಕು ಅಂದರೆ ಗುಂಡಿನ ತಳಕ್ಕೆ ತಾಮ್ರದ ಪುಟ್ಟ ಬಟ್ಟಲು, ಅಂದರೆ ಗ್ಯಾಸ್ ಚೆಕ್ ಕೂರುವಂಥ ಗುಂಡು ಎರೆಯುವ ಅಚ್ಚು ತೆಗೆದುಕೊಳ್ಳಿ. ಗುಂಡಿನ ಮೂತಿ ಚಪ್ಪಟೆ ಇರಲಿ. ಈ ವೇಗದಲ್ಲಿ ಎರಕದ ಗುಂಡು ಅಷ್ಟಾಗಿ ಅರಳುವುದಿಲ್ಲ. ಕೆಲಸ ಮಾಡುವುದು ಆ ಅಗಲ ಮೂತಿಯೇ.

ಒಂದೇ ಈಡಿನ ಕೋವಿಯ ದೊಡ್ಡ ಅನುಕೂಲವೊಂದಿದೆ. ಮ್ಯಾಗಜೀನ್ ಇಲ್ಲ, ಹಾಗಾಗಿ ತೋಟಾ ಇಷ್ಟೇ ಉದ್ದ ಇರಬೇಕು ಅನ್ನುವ ಕಟ್ಟುಪಾಡೂ ಇಲ್ಲ. ಗುಂಡನ್ನು ತುಸು ಹೊರಗೆ ಕೂರಿಸಿ, ನಳಿಗೆಯ ಗೀರುಗಳ ಹತ್ತಿರಕ್ಕೆ ತರಬಹುದು. ಗುಂಡು ನೆಟ್ಟಗೆ ಹೊರಡುತ್ತದೆ. ಮೊದಲು ಮದ್ದೂ ಕೇಪೂ ಇಲ್ಲದ ಒಂದು ತೋಟಾ ಮಾಡಿ. ಅದು ಬಲವಂತವಿಲ್ಲದೆ ಒಳಗೆ ಹೋಗುತ್ತದೆಯೇ ನೋಡಿ.

ಮದ್ದಿನ ವಿಷಯದಲ್ಲಿ ಇಷ್ಟು ಗ್ರೇನ್ ಹಾಕಿ ಅಂತ ಇಲ್ಲಿ ಬರೆಯುವುದಿಲ್ಲ. ನೀವೂ ಯಾರ ಬಾಯಿಮಾತಿನ ಲೆಕ್ಕವನ್ನೂ ಹಾಕಬೇಡಿ. ನಿಮ್ಮ ಗುಂಡಿನ ತೂಕಕ್ಕೆ ತೋಟಾ ತುಂಬುವ ಕೈಪಿಡಿಯಲ್ಲಿ ಕೊಟ್ಟ ಆರಂಭದ ಅಳತೆಯಿಂದಲೇ ಶುರು ಮಾಡಿ. .45-70ಗೆ ಕೈಪಿಡಿಗಳಲ್ಲಿ ಸಾಮಾನ್ಯವಾಗಿ ಮೂರು ಪಟ್ಟಿಗಳಿರುತ್ತವೆ: ಕಡಿಮೆ ಒತ್ತಡವನ್ನಷ್ಟೇ ತಡೆಯುವ ಹಳೇ ಟ್ರ್ಯಾಪ್‌ಡೋರ್ ಕೋವಿಗೆ, ಲಿವರ್ ಕೋವಿಗೆ, ನಿಮ್ಮಂಥ ಗಟ್ಟಿ ಕೋವಿಗೆ. ನಿಮ್ಮ ಕೋವಿ ಮೂರನೆಯದನ್ನು ತಡೆಯುತ್ತದೆ ನಿಜ. ತಡೆಯುತ್ತದೆ ಅಂತ ಹಾಕಲೇಬೇಕೆಂದಿಲ್ಲ, ಅಲ್ವಾ? ಮೊದಲನೇ ಪಟ್ಟಿಯ ತೋಟಾವೇ ಜಿಂಕೆಗೆ ಸಾಕು, ಭುಜಕ್ಕೂ ಹಿತ. ಮೂರನೇ ಪಟ್ಟಿಯ ತೋಟಾ ಮಾಡಿದರೆ ಡಬ್ಬಿಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿಡಿ. ಅದು ಯಾರದೋ ಹಳೇ ಕೋವಿಗೆ ಹೋದರೆ ಕೋವಿ ಒಡೆದು ಪ್ರಾಣವೇ ಹೋಗಬಹುದು.

ಇನ್ನೊಂದು ಅಪಾಯವೂ ಇದೆ. ಈ ತೋಟಾದ ಹೊಟ್ಟೆ ದೊಡ್ಡದು. ಕಡಿಮೆ ಪ್ರಮಾಣ ಸಾಕಾಗುವ ಮದ್ದಾದರೆ ಮರೆತು ಎರಡು ಸಲ ಸುರಿದರೂ ಹೊರಚೆಲ್ಲುವುದಿಲ್ಲ. ಜಾಗ ತುಂಬುವ ಮದ್ದನ್ನೇ ಆರಿಸಿ. ಗುಂಡು ಕೂರಿಸುವ ಮೊದಲು ಪ್ರತಿ ತೋಟಾದೊಳಗೂ ದೀಪ ಹಿಡಿದು ನೋಡಿ.

ಗುರಿಯನ್ನು ನೂರು ಗಜಕ್ಕೆ ಹೊಂದಿಸಿಕೊಳ್ಳಿ. ಈ ವೇಗದಲ್ಲಿ ಇನ್ನೂರು ಗಜಕ್ಕೆ ಗುಂಡು ಹೆಚ್ಚುಕಡಿಮೆ ಎರಡು ಅಡಿ ಕೆಳಗಿಳಿದಿರುತ್ತದೆ. ದೂರದ ಜಿಂಕೆಯನ್ನು ಸುಮ್ನೆ ಗಾಯ ಮಾಡಿ ಕಳಿಸಬೇಡಿ.

ನೀವೇ ಎರಕ ಹೊಯ್ಯುವುದಾದರೆ ಗಾಳಿಯಾಡುವ ಕಡೆ ಮಾಡಿ, ಅಡುಗೆಮನೆಯಲ್ಲಿ ಬೇಡವೇ ಬೇಡ. ಕರಗಿದ ಸೀಸದೊಳಗೆ ಒದ್ದೆ ತುಂಡು ಬಿದ್ದರೆ ಸಿಡಿದು ಮೈಮೇಲೆ ಬರುತ್ತದೆ. ಕೈ ತೊಳೆಯದೆ ಏನೂ ತಿನ್ನಬೇಡಿ. ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ಆ ಬಟ್ಟೆಯಲ್ಲಿ ಅವರನ್ನು ಎತ್ತಿಕೊಳ್ಳಲೂಬೇಡಿ.

ಕ್ಯಾಲಿಫೋರ್ನಿಯಾಕ್ಕೆ ಈ ತೋಟಾ ನಡೆಯದು. 2019ರ ಜುಲೈ 1ರಿಂದ ಅಲ್ಲಿ ಸೀಸದ ಗುಂಡಿನಿಂದ ಕಾಡುಪ್ರಾಣಿ ಬೇಟೆಯಾಡುವಂತಿಲ್ಲ. ಸೀಸ ಸೇರಿದ ಮಾಂಸ ತಿಂದು ಕಾಂಡೋರ್ ಹದ್ದುಗಳು ಸಾಯುತ್ತಿದ್ದುದು ಅದಕ್ಕೊಂದು ಮುಖ್ಯ ಕಾರಣ. ಅಲ್ಲಿಗೆ ತಾಮ್ರದ ಗುಂಡು ಒಯ್ಯಿರಿ. ಅದಕ್ಕೆ ಬೇರೆಯೇ ಪಟ್ಟಿ ನೋಡಬೇಕು. ನಿಮ್ಮ ಗೆಳೆಯರಲ್ಲಿ ಎಚ್-1ಬಿ ವೀಸಾದವರಿದ್ದರೆ ಇದನ್ನೂ ಹೇಳಿ: ಬೇಟೆಯ ಲೈಸೆನ್ಸ್‌ನಂಥ ವಿನಾಯಿತಿ ಇಲ್ಲದೆ ಅವರು ಕೋವಿ, ತೋಟಾ ಇಟ್ಟುಕೊಳ್ಳುವುದು ಇಡೀ ಅಮೆರಿಕಕ್ಕೆ ಅನ್ವಯಿಸುವ ಕೇಂದ್ರ ಕಾನೂನಿನಲ್ಲಿ ಅಪರಾಧ.

ನಳಿಗೆಯ ಅಳತೆ ಎಷ್ಟು ಬಂತು ಅಂತ ಬರೆಯಿರಿ. ಯಾವ ಅಚ್ಚು ಕೊಳ್ಳಬೇಕು ಅನ್ನುವುದನ್ನು ಆಮೇಲೆ ನೋಡೋಣ.