ಒಂದೇ ತಗಡು, ಪ್ರತಿ ಸಲ ಬೇರೆ ಸಂಖ್ಯೆ: ಮಂಜುಗಡ್ಡೆಯ ಅಂಟು ಅಳೆಯುವುದು ಹೇಗೆ?

ಪುಣೆಯಲ್ಲಿ ಎಂಜಿನಿಯರಿಂಗ್ ಓದುತ್ತಿರುವ ನೀವು ಕೋಟಿಂಗ್ ಹಚ್ಚಿದ ಮತ್ತು ಹಚ್ಚದ ಅಲ್ಯೂಮಿನಿಯಂ ತಗಡುಗಳಿಗೆ ಮಂಜುಗಡ್ಡೆ ಎಷ್ಟು ಗಟ್ಟಿಯಾಗಿ ಹತ್ತುತ್ತದೆ ಎಂದು ಅಳೆಯುತ್ತಿದ್ದೀರಿ; ಒಂದೇ ತಗಡು ಪ್ರತಿ ಸಲ ಬೇರೆ ಸಂಖ್ಯೆ ಕೊಡುವುದೇಕೆ ಎಂದು ಕೇಳಿದ್ದೀರಿ. ಭೋಸರಿಯಲ್ಲಿ ಲೇಪನಗಳ ಪರೀಕ್ಷೆಯೇ ನನ್ನ ಕೆಲಸ. ಕೋಟಿಂಗನ್ನು ಅನುಮಾನಿಸುವ ಮೊದಲು ತಳ್ಳುವ ಕಡ್ಡಿ ಎಷ್ಟು ಎತ್ತರದಲ್ಲಿ ತಾಗುತ್ತಿದೆ ಎಂದು ನೋಡಿ.

ಒಂದು ಸೆಂಟಿಮೀಟರ್ ಚೌಕದ ಅಚ್ಚಿನಲ್ಲಿ ನೀರು ಹೆಪ್ಪುಗಟ್ಟಿಸಿ, ಬಲ ಅಳೆಯುವ ಫೋರ್ಸ್ ಗೇಜಿನ ಕಡ್ಡಿಯಿಂದ ಪಕ್ಕಕ್ಕೆ ತಳ್ಳಿದಾಗ ಗಡ್ಡೆ 50 ನ್ಯೂಟನ್‌ಗೆ ಕಳಚಿದರೆ, ಅದನ್ನು ಅಂಟಿದ ಜಾಗದ ವಿಸ್ತೀರ್ಣದಿಂದ ಭಾಗಿಸಿದಾಗ ಅಂಟಿನ ಬಲ 500 ಕಿಲೋಪ್ಯಾಸ್ಕಲ್. ಕಡ್ಡಿ ತಗಡಿಗೆ ತೀರ ಹತ್ತಿರವಿದ್ದರೆ ಗಡ್ಡೆ ಜಾರುತ್ತದೆ. ಕಡ್ಡಿ ಕೆಲವೇ ಮಿಲಿಮೀಟರ್ ಮೇಲೇರಿದರೂ ಗಡ್ಡೆ ಮುಂದಕ್ಕೆ ಮಗುಚಲು ನೋಡುತ್ತದೆ. ಕಡ್ಡಿಯ ಕಡೆಯ ಅಂಚು ಮೊದಲು ಏಳುತ್ತದೆ, ಅಲ್ಲಿಂದ ಬಿರುಕು ಓಡುತ್ತದೆ. ಕಾವಲಿಗೆ ಹತ್ತಿದ ದೋಸೆಯನ್ನು ಅಂಚಿನಿಂದ ಎಬ್ಬಿಸಿದ ಹಾಗೆ, ಕಡಿಮೆ ಬಲಕ್ಕೇ ಬಿಟ್ಟುಕೊಳ್ಳುತ್ತದೆ. ಆದ್ದರಿಂದ ಎತ್ತರವನ್ನು ಗಟ್ಟಿಯಾಗಿ ಬಿಗಿದಿಡಿ, ವರದಿಯಲ್ಲೂ ಬರೆಯಿರಿ.

ಕಳಚಿದ ಜಾಗವನ್ನು ಕೂಡಲೇ ಭೂತಗನ್ನಡಿಯಲ್ಲಿ ನೋಡಿ. ತಗಡಿನ ಮೇಲೆ ಬಿಳಿ ಚೂರುಗಳು ಉಳಿದಿದ್ದರೆ ಮುರಿದದ್ದು ಮಂಜುಗಡ್ಡೆಯೇ ಹೊರತು ಅಂಟಲ್ಲ. ಬರಿಯ ಲೋಹದ ಮೇಲೆ ಇದು ಆಗಾಗ ಆಗುತ್ತದೆ. ಅಂಥ ಅಳತೆಗಳನ್ನು ಸರಾಸರಿಗೆ ಸೇರಿಸದೆ ಬೇರೆ ಬರೆದಿಡಿ.

ಫ್ರೀಜರಿನಿಂದ ಹೊರತೆಗೆದು ಮೇಜಿನ ಮೇಲೆ ತಳ್ಳುವುದಂತೂ ಬೇಡವೇ ಬೇಡ. ಲೋಹ ಬೇಗ ಬಿಸಿಯಾಗುತ್ತದೆ, ಅಡಿಯಲ್ಲಿ ತೆಳುವಾಗಿ ನೀರಾಡಿದರೆ ಯಾವ ಕೋಟಿಂಗ್ ಆದರೂ ಅದ್ಭುತವಾಗಿಯೇ ಕಾಣುತ್ತದೆ. ವಿದ್ಯುತ್ತಿನಿಂದ ತಣ್ಣಗಾಗುವ ಪೆಲ್ಟಿಯರ್ ತಟ್ಟೆಯ ಮೇಲಿಟ್ಟು, ತಗಡಿನ ಮೈಗೇ ತಾಪಮಾಪಕ ತಾಗಿಸಿ, ಮೈನಸ್ 10 ಡಿಗ್ರಿಯಲ್ಲಿ ಅಳೆಯಿರಿ. ಇಲ್ಲಿನ ಮಳೆಗಾಲದಲ್ಲಿ ತಣ್ಣನೆಯ ತಗಡಿನ ಮೇಲೆ ನೀರು ಹೊಯ್ಯುವ ಮೊದಲೇ ಹಿಮದ ಪದರ ಕೂರುತ್ತದೆ. ನೀರನ್ನು ದೂಡುವ ಒರಟು ಕೋಟಿಂಗಿನ ಸಂದುಗಳಲ್ಲಿ ಅದು ಕೂತರೆ ಮಂಜುಗಡ್ಡೆ ಇನ್ನಷ್ಟು ಬಲವಾಗಿ ಕಚ್ಚುತ್ತದೆ. ತೇವ ಹೀರುವ ಸಿಲಿಕಾ ಜೆಲ್ ಇಟ್ಟ ಮುಚ್ಚಿದ ಪೆಟ್ಟಿಗೆಯೊಳಗೆ ಕೆಲಸ ಮಾಡಿ.

100 ಕಿಲೋಪ್ಯಾಸ್ಕಲ್‌ಗಿಂತ ಕಡಿಮೆ ಬಂದರೆ ಕೋಟಿಂಗನ್ನು ಸಾಮಾನ್ಯವಾಗಿ ಮಂಜುರೋಧಕ ಎನ್ನುತ್ತಾರೆ. ಗಾಳಿಗೋ ತನ್ನ ಭಾರಕ್ಕೋ ತಾನಾಗಿ ಉದುರಬೇಕಾದರೆ 20ರ ಆಸುಪಾಸಿಗಿಂತ ಕೆಳಗಿರಬೇಕು. ಆದರೆ ಮೊದಲ ಅಳತೆಯನ್ನೇ ನೆಚ್ಚಿಕೊಳ್ಳಬೇಡಿ. ಗಡ್ಡೆ ಕಿತ್ತು ಬರುವಾಗ ಕೋಟಿಂಗೂ ಸವೆಯಬಹುದು. ಅದೇ ಜಾಗದಲ್ಲಿ ಮತ್ತೆ ಮತ್ತೆ ಅಳೆದು ಸಂಖ್ಯೆ ಏರುತ್ತಿದೆಯೇ ನೋಡಿ. ಕಡ್ಡಿಯ ಎತ್ತರ ಮತ್ತು ಕಳಚಿದ ಮೈಯ ಚಿತ್ರ ಹಾಕಿದರೆ ಮುಂದಿನದನ್ನು ಹೇಳುತ್ತೇನೆ.