ಬ³ಕ್ಕೆ ಗೆರೆ, ಅ²ಕ್ಕೆ ಏಕಿಲ್ಲ?

ಪ್ರಶ್ನೆ: √(72ಅ⁵ಬ⁶) ಎಂಬ ಬೀಜೋಕ್ತಿಯನ್ನು ಸರಳಗೊಳಿಸುವ ಲೆಕ್ಕಕ್ಕೆ ನನ್ನ ಮಗಳು 6ಅ²ಬ³√(2ಅ) ಎಂದು ಉತ್ತರಿಸಿದ್ದಳು. ಶಿಕ್ಷಕರು ಬ³ದ ಎರಡೂ ಬದಿಗೆ ನೆಟ್ಟನೆಯ ಗೆರೆ ಎಳೆದು ಅರ್ಧ ಅಂಕ ಕಳೆದಿದ್ದಾರೆ. ಘಾತಾಂಕವನ್ನು ಅರ್ಧ ಮಾಡಿದರೆ ಸಾಕೆಂದು ನಾವು ಕಲಿತಿದ್ದೆವು. ಈ ಗೆರೆ ಏಕೆ? ಅ²ಕ್ಕೆ ಏಕಿಲ್ಲ?
— ಒಬ್ಬ ಪೋಷಕರು, ಶಿರಸಿ

ಉತ್ತರ: ಪ್ರಶ್ನೆ ನೀವು ಬರೆದಷ್ಟೇ ಇದ್ದಿದ್ದರೆ ಶಿಕ್ಷಕರ ತಿದ್ದುಪಡಿ ಸರಿ. ನಿಮ್ಮ ಮಗಳು 72ನ್ನು 36×2 ಎಂದೂ, ಅ⁵ವನ್ನು ಅ⁴×ಅ ಎಂದೂ, ಬ⁶ವನ್ನು (ಬ³)² ಎಂದೂ ಬಿಡಿಸಿ, ಪೂರ್ಣವರ್ಗಗಳನ್ನು ಹೊರತೆಗೆದು, ಉಳಿದ 2ಅ ಅನ್ನು ಒಳಗೇ ಬಿಟ್ಟಿದ್ದಾಳೆ, ಇದರಲ್ಲಿ ತಪ್ಪಿಲ್ಲ. ತೊಡಕಿರುವುದು ಚಿಹ್ನೆಯಲ್ಲಿ. 64ಕ್ಕೆ 8 ಮತ್ತು −8 ಎಂಬ ಎರಡು ವರ್ಗಮೂಲಗಳಿದ್ದರೂ √64 ಎಂದು ಬರೆದಾಗ ನಾವು ಹೇಳುವುದು 8 ಅನ್ನು ಮಾತ್ರ. ಈಗ ಬ = −2 ಎಂದಿಟ್ಟು ನೋಡಿ: ಬ⁶ = 64, ಅದರ √ ಬೆಲೆ 8, ಆದರೆ ಬ³ = −8. ಆದ್ದರಿಂದ √(ಬ⁶)ಕ್ಕೆ |ಬ³| ಎಂದು, ಅಂದರೆ ಬ³ದ ನಿರಪೇಕ್ಷ ಮೌಲ್ಯವೆಂದು (ಋಣಚಿಹ್ನೆ ಇದ್ದರೆ ಅದನ್ನು ಬಿಟ್ಟ ಬೆಲೆ) ಬರೆಯಬೇಕು. ಅ² ಎಂದೂ ಋಣವಾಗದು. ಅದಕ್ಕೆ ಗೆರೆಗಳ ಅಗತ್ಯವಿಲ್ಲ.

ಹಾಗೆಂದು ಹೊರಬಂದ ಘಾತಾಂಕ ಬೆಸವಾದಾಗಲೆಲ್ಲ ಗೆರೆ ಎಳೆಯುವುದೂ ಕುರುಡು ಅಭ್ಯಾಸವೇ. √(ಅ⁷) = ಅ³√ಅ ಎಂಬಲ್ಲಿ ಘಾತಾಂಕ 3 ಬೆಸವಾದರೂ ಗೆರೆ ಬೇಡ, ಏಕೆಂದರೆ ಅ ಋಣವಾಗಿದ್ದರೆ ಅ⁷ ಕೂಡ ಋಣವಾಗಿ, ವಾಸ್ತವ ಸಂಖ್ಯೆಗಳಲ್ಲಿ ಅದಕ್ಕೆ ವರ್ಗಮೂಲವೇ ಇರುವುದಿಲ್ಲ. (ಅಮೋಘವರ್ಷ ನೃಪತುಂಗನನ್ನು ಸ್ಮರಿಸಿ ಒಂಬತ್ತನೆಯ ಶತಮಾನದಲ್ಲಿ ಗಣಿತಸಾರಸಂಗ್ರಹ ಬರೆದ ಮಹಾವೀರಾಚಾರ್ಯ, ಋಣಸಂಖ್ಯೆ ಯಾವುದರ ವರ್ಗವೂ ಅಲ್ಲವಾದ್ದರಿಂದ ಅದಕ್ಕೆ ವರ್ಗಮೂಲವಿಲ್ಲ ಎಂದು ಆಗಲೇ ಹೇಳಿದ್ದ.) ನಿಮ್ಮ ಮಗಳ ಲೆಕ್ಕದಲ್ಲಿಯೂ, ಬ ಸೊನ್ನೆಯಲ್ಲದಿದ್ದಾಗ, ಅ⁵ ಇರುವುದರಿಂದಲೇ ಅ ಋಣವಾಗುವಂತಿಲ್ಲ, ಬ⁶ ಮಾತ್ರ ಬ ಧನವೋ ಋಣವೋ ಎಂಬುದನ್ನು ಮರೆಮಾಚುತ್ತದೆ. ಹೀಗಾಗಿ ಪೂರ್ಣ ಉತ್ತರ 6ಅ²|ಬ³|√(2ಅ).

ಆದರೆ ಎಷ್ಟೋ ಪುಸ್ತಕಗಳು, ಪ್ರಶ್ನೆಪತ್ರಿಕೆಗಳು ಅಭ್ಯಾಸದ ತಲೆಯಲ್ಲೇ “ಎಲ್ಲ ಚರಾಕ್ಷರಗಳೂ ಧನಸಂಖ್ಯೆಗಳು” ಎಂದು ಒಂದು ಸಾಲು ಹಾಕಿ ಈ ಗೊಡವೆಯನ್ನೇ ತಪ್ಪಿಸುತ್ತವೆ. ಆ ಸಾಲು ಇದ್ದಾಗ |ಬ³| ಮತ್ತು ಬ³ ಒಂದೇ. ಪ್ರಶ್ನೆಪತ್ರಿಕೆಯನ್ನು ಇನ್ನೊಮ್ಮೆ ತೆರೆದು ನೋಡಿ. ಅದು ಅಲ್ಲಿದ್ದರೆ ಮಗಳು ಆ ಅರ್ಧ ಅಂಕವನ್ನು ಧಾರಾಳವಾಗಿ ಕೇಳಬಹುದು.